‘20 ಯೂನಿಟ್’ ಅಂದರೆ ನಿಜಕ್ಕೂ ಎಷ್ಟು? ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನನಗೆ 36 ವರ್ಷ. ಎತ್ತರ 160 ಸೆಂ.ಮೀ., ತೂಕ 84 ಕೆ.ಜಿ. ಮೂರು ವರ್ಷದಿಂದ ಏನೆಲ್ಲ ಮಾಡಿದರೂ ತೂಕ ಇಳಿದಿಲ್ಲ. ಪರಿಚಯದವರೊಬ್ಬರು ಫೋನ್ ಗ್ರೂಪಿನ ಮೂಲಕ ತೂಕ ಇಳಿಸುವ ಮದ್ದು ಸೆಮಾಗ್ಲುಟೈಡ್ ತರಿಸಿಕೊಟ್ಟರು. ಬಂದದ್ದು ಮದ್ದು ತುಂಬಿ ಬರುವ ಇಂಜೆಕ್ಷನ್ ಪೆನ್ ಅಲ್ಲ, ರಬ್ಬರ್ ಮುಚ್ಚಳದ ಪುಟ್ಟ ಗಾಜಿನ ಸೀಸೆ. ಒಳಗೆ ಬಿಳಿ ಪುಡಿ. ಮೇಲೆ ‘10 ಮಿ.ಗ್ರಾಂ’, ‘ಸಂಶೋಧನೆಗೆ ಮಾತ್ರ’ ಎಂದು ಬರೆದಿದೆ. 2 ಎಂ.ಎಲ್. ನೀರು ಬೆರೆಸಿ, ಇನ್ಸುಲಿನ್ ಸಿರಿಂಜಿನಲ್ಲಿ ವಾರಕ್ಕೊಮ್ಮೆ 20 ಯೂನಿಟ್ ತೆಗೆದುಕೊಳ್ಳಿ ಅಂದರು. ಎರಡು ಸಲ ತೆಗೆದುಕೊಂಡೆ. ಎರಡನೆಯ ಸಲ ಎರಡು ದಿನ ವಾಂತಿ ನಿಲ್ಲಲೇ ಇಲ್ಲ. ನಿಲ್ಲಿಸಿ ಐದು ದಿನವಾಯಿತು. ಗೆಳತಿ ತನ್ನ ಬಳಿ ಅರ್ಧ ಉಳಿದಿರುವ ಒಜೆಂಪಿಕ್ (ಅದೂ ಸೆಮಾಗ್ಲುಟೈಡೇ) ಪೆನ್ ಕೊಡುತ್ತೇನೆ, ಸೂಜಿ ಬದಲಿಸಿದರೆ ಸಾಕು ಅನ್ನುತ್ತಾಳೆ. ಒಂದು ಬ್ಯೂಟಿ ಕ್ಲಿನಿಕ್‌ನವರು ವೈದ್ಯರ ಚೀಟಿ ಬೇಡ, ನಾವೇ ಹಾಕುತ್ತೇವೆ ಅನ್ನುತ್ತಾರೆ. ನಾನು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮುಂದಿನ ವರ್ಷ ಮಗು ಬೇಕೆಂದಿದೆ. ಥೈರಾಯ್ಡ್ ಕ್ಯಾನ್ಸರ್ ಬರುತ್ತದೆ, ಕಣ್ಣು ಹೋಗುತ್ತದೆ ಎಂದೆಲ್ಲ ಓದಿ ನಿದ್ದೆ ಬರುತ್ತಿಲ್ಲ. ನಾನು ಮಾಡಿದ್ದು ಅಪರಾಧವೇ? ವೈದ್ಯರಿಗೆ ಹೇಳಿದರೆ ಸಿಕ್ಕಿಬೀಳುತ್ತೇನೆಯೇ? ಮುಂದೆ ಏನು ಮಾಡಲಿ?

ಉತ್ತರ: ಕಾನೂನಿನ ಮಾತು ಸ್ವಲ್ಪ ಕಾಯಲಿ, ಮೊದಲು ನಿಮ್ಮ ಇವತ್ತಿನ ಸ್ಥಿತಿ ನೋಡೋಣ. ನಿಲ್ಲಿಸಿದ್ದು ಒಳ್ಳೆಯದಾಯಿತು. ಆದರೆ ನಿಲ್ಲಿಸಿದ ಮಾತ್ರಕ್ಕೆ ಮದ್ದು ಮೈಬಿಟ್ಟು ಹೋಗುವುದಿಲ್ಲ. ಸೆಮಾಗ್ಲುಟೈಡ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಬಹುಪಾಲು ಹೋಗಲು ಐದು ವಾರದ ಮೇಲಾಗುತ್ತದೆ. ಸೀಸೆಯಲ್ಲಿದ್ದದ್ದು ಅದೇ ಆಗಿದ್ದರೆ ಇನ್ನೂ ಒಂದು ತಿಂಗಳು ಮೈಮೇಲೆ ಎಚ್ಚರವಿರಲಿ.

ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದೆ ಜೋರಾಗಿ ನೋವು, ಅದು ಬೆನ್ನಿಗೂ ಹಬ್ಬುವುದು: ಮೇದೋಜೀರಕ ಗ್ರಂಥಿಯ ಉರಿಯೂತ ಹೀಗೆ ಶುರುವಾಗುತ್ತದೆ. ಬಲಪಕ್ಕೆಯಲ್ಲಿ ನೋವು, ಜ್ವರ, ಕಣ್ಣು ಹಳದಿಯಾಗುವುದು ಪಿತ್ತಕೋಶದ ಕಲ್ಲಿನ ಸೂಚನೆ. ಕುಡಿದ ನೀರೂ ನಿಲ್ಲದೆ, ಇಡೀ ದಿನ ಮೂತ್ರ ತೀರಾ ಕಡಿಮೆಯಾಗಿ, ಎದ್ದು ನಿಂತರೆ ತಲೆ ತಿರುಗಿದರೆ ಕಿಡ್ನಿಗೆ ಪೆಟ್ಟು ಬೀಳುತ್ತಿದೆ ಎಂದರ್ಥ. ಚುಚ್ಚಿದ ಜಾಗ ಕೆಂಪಾಗಿ ಬಿಸಿಯಾಗಿ ಊದಿಕೊಂಡು ಜ್ವರ ಬಂದರೆ ಸೋಂಕು. ಒಂದು ಕಣ್ಣಿನ ನೋಟ ಇದ್ದಕ್ಕಿದ್ದಂತೆ ಮಂಜಾದರೆ ಬೆಳಗಾಗುವ ತನಕವೂ ಕಾಯಬಾರದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಏನೂ ಇಲ್ಲದಿದ್ದರೂ ಈ ವಾರದೊಳಗೆ ವೈದ್ಯರನ್ನು ಕಂಡು ಕಿಡ್ನಿಯ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಎರಡು ದಿನದ ವಾಂತಿ ಸಣ್ಣದಲ್ಲ.

ವಾಂತಿ ಯಾಕಾಯಿತು?

‘ಕೊಬ್ಬು ಕರಗುವಾಗ ಹಾಗೇ ಆಗುತ್ತೆ, ಸಹಿಸಿಕೊಳ್ಳಿ’ ಎಂದು ನಿಮಗೆ ಮಾರಿದವರು ಹೇಳಿರಬಹುದು. ಅದು ಸುಳ್ಳು. ಕಾರಣ ಲೆಕ್ಕದಲ್ಲೇ ಇದೆ, ಪೆನ್ನು ಕಾಗದ ಹಿಡಿದು ನೋಡಿ.

ಸೀಸೆಯಲ್ಲಿ 10 ಮಿ.ಗ್ರಾಂ ಪುಡಿ, ಅದಕ್ಕೆ 2 ಎಂ.ಎಲ್. ನೀರು. ಅಂದರೆ ಪ್ರತಿ ಎಂ.ಎಲ್.ನಲ್ಲಿ 5 ಮಿ.ಗ್ರಾಂ. ‘ಯು-100’ ಗುರುತಿನ ಇನ್ಸುಲಿನ್ ಸಿರಿಂಜಿನಲ್ಲಿ 100 ಯೂನಿಟ್ ಗೆರೆಗೆ 1 ಎಂ.ಎಲ್.; ನಿಮ್ಮದೂ ಅದೇ ಎಂದುಕೊಳ್ಳೋಣ. ಆದ್ದರಿಂದ 20ನೇ ಗೆರೆ ಅಂದರೆ 0.2 ಎಂ.ಎಲ್., ಅದರಲ್ಲಿ 1 ಮಿ.ಗ್ರಾಂ ಮದ್ದು. ತೂಕ ಇಳಿಸಲು ಸೆಮಾಗ್ಲುಟೈಡ್ ಶುರು ಮಾಡುವ ಡೋಸ್ ವಾರಕ್ಕೆ 0.25 ಮಿ.ಗ್ರಾಂ. ನೀವು ಮೊದಲ ದಿನವೇ ಅದರ ನಾಲ್ಕು ಪಟ್ಟು ತೆಗೆದುಕೊಂಡಿರಿ. ಸರಿಯಾದ ಕ್ರಮದಲ್ಲಿ ಹೋದವರು 1 ಮಿ.ಗ್ರಾಂ ಮುಟ್ಟುವುದು ಒಂಬತ್ತನೇ ವಾರದಲ್ಲಿ: ನಾಲ್ಕು ವಾರ 0.25, ಮತ್ತೆ ನಾಲ್ಕು ವಾರ 0.5, ಆಮೇಲೆ 1, ಅಲ್ಲಿಂದ 1.7, ಕೊನೆಗೆ 2.4. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಹೊಟ್ಟೆಗೆ ಅಭ್ಯಾಸವಾಗಲಿ ಎಂದೇ. ಈ ಮದ್ದು ಹೊಟ್ಟೆ ಖಾಲಿಯಾಗುವ ವೇಗವನ್ನು ಕುಗ್ಗಿಸುತ್ತದೆ, ಹಸಿವನ್ನು ಮಿದುಳಿನಲ್ಲೇ ತಗ್ಗಿಸುತ್ತದೆ. ಒಮ್ಮೆಲೇ ನಾಲ್ಕು ಪಟ್ಟು ಹೋದರೆ ಹೊಟ್ಟೆ ಮುಷ್ಕರ ಹೂಡುತ್ತದೆ. ಎರಡನೆಯ ಸಲ ಜಾಸ್ತಿಯಾಗಲು ಇನ್ನೊಂದು ಕಾರಣವೂ ಇದೆ: ಮೊದಲ ವಾರದ್ದು ಅರ್ಧದಷ್ಟು ಇನ್ನೂ ರಕ್ತದಲ್ಲಿತ್ತು, ಅದರ ಮೇಲೆ ಇದು ಬಿತ್ತು.

ತಪ್ಪಿನ ಬೇರು ‘ಯೂನಿಟ್’ ಎಂಬ ಆ ಮಾತಿನಲ್ಲಿದೆ. ಯೂನಿಟ್ ಇನ್ಸುಲಿನ್‌ನ ಅಳತೆ. ಸೆಮಾಗ್ಲುಟೈಡ್‌ಗೆ ಅಂಥ ಅಳತೆಯೇ ಇಲ್ಲ, ಅದರ ಲೆಕ್ಕವೆಲ್ಲ ಮಿ.ಗ್ರಾಂನಲ್ಲಿ. ಇನ್ಸುಲಿನ್ ಸಿರಿಂಜಿನ ಗೆರೆ ಇಲ್ಲಿ ಬರೀ ದ್ರವದ ಪ್ರಮಾಣ ಹೇಳುತ್ತದೆ, ಮದ್ದು ಎಷ್ಟಿದೆ ಎಂದು ಹೇಳುವುದಿಲ್ಲ. ಅದೇ ಸೀಸೆಗೆ 2ರ ಬದಲು 1 ಎಂ.ಎಲ್. ನೀರು ಬಿದ್ದಿದ್ದರೆ ಅದೇ 20ನೇ ಗೆರೆಯಲ್ಲಿ 2 ಮಿ.ಗ್ರಾಂ ಇರುತ್ತಿತ್ತು. ಇದು ನಿಮ್ಮೊಬ್ಬರಿಗೇ ಆದದ್ದಲ್ಲ. ಸೀಸೆಯಿಂದ ತಾವೇ ಎಳೆದುಕೊಂಡು ಹೇಳಿದ್ದಕ್ಕಿಂತ 5ರಿಂದ 20 ಪಟ್ಟು ಡೋಸ್ ತೆಗೆದುಕೊಂಡು ಆಸ್ಪತ್ರೆ ಸೇರಿದ ಪ್ರಕರಣಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜುಲೈನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಎಂ.ಎಲ್., ಮಿ.ಗ್ರಾಂ, ಯೂನಿಟ್ ಮೂರೂ ಕಲಸಿಹೋದದ್ದೇ ಅಲ್ಲಿಯೂ ಕಾರಣ.

ಈ ಲೆಕ್ಕವೆಲ್ಲ ಸೀಸೆಯಲ್ಲಿ ನಿಜವಾಗಿಯೂ 10 ಮಿ.ಗ್ರಾಂ ಸೆಮಾಗ್ಲುಟೈಡ್ ಇತ್ತು ಎಂದುಕೊಂಡರೆ ಮಾತ್ರ. ಅದನ್ನು ಯಾರೂ ಖಾತರಿ ಮಾಡಿಲ್ಲ. ‘ಸಂಶೋಧನೆಗೆ ಮಾತ್ರ’ ಎಂಬ ಆ ಎರಡು ಪದ ಮಾರುವವರ ರಕ್ಷಾಕವಚ. ಮನುಷ್ಯರಿಗೆ ಕೊಡುವ ಮದ್ದು ಎಂದು ಒಪ್ಪಿಕೊಂಡರೆ ಪರವಾನಗಿ ಬೇಕು, ಪ್ರತಿ ಬ್ಯಾಚಿನ ಶುದ್ಧತೆ ತೋರಿಸಬೇಕು. ಪ್ರಯೋಗಾಲಯದ ರಾಸಾಯನಿಕ ಎಂದು ಬರೆದರೆ ಅದೆಲ್ಲದರಿಂದ ನುಣುಚಿಕೊಳ್ಳಬಹುದು. ಅವರೇ ‘ಇದು ಮನುಷ್ಯರಿಗಲ್ಲ’ ಎಂದು ಲೇಬಲ್ ಮೇಲೆ ಬರೆದು, ಫೋನಿನಲ್ಲಿ ಡೋಸ್ ಹೇಳಿಕೊಡುತ್ತಾರೆ. ಪುಡಿ ಶುದ್ಧವಾಗಿಯೇ ಇದ್ದರೂ ಮೈಗೆ ಚುಚ್ಚಲು ಅಷ್ಟು ಸಾಲದು. ರೋಗಾಣುವಿಲ್ಲದಂತೆ ತುಂಬಿರಬೇಕು. ಸತ್ತ ಬ್ಯಾಕ್ಟೀರಿಯಾದ ಹೊದಿಕೆಯಿಂದ ಉಳಿಯುವ ವಿಷಕಾರಿ ಅಂಶವೂ ಇರಬಾರದು. ಅದು ಕುದಿಸಿದರೂ ಹೋಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಬೆರೆಸಿದ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಅಂಶ ಇಲ್ಲದಿದ್ದರೆ, ವಾರಕ್ಕೊಮ್ಮೆ ಸೂಜಿ ಇಳಿಸುವ ಸೀಸೆ ಫ್ರಿಜ್‌ನಲ್ಲಿಟ್ಟರೂ ಕೆಡುತ್ತದೆ. ನೀರು ತಿಳಿಯಾಗಿದೆ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ.

ಹಾಗಾಗಿ ಆ ಸೀಸೆಯಿಂದ ಇನ್ನು ಒಂದು ಹನಿಯೂ ಬೇಡ. ಡೋಸ್ ಸರಿಮಾಡಿಕೊಂಡು 5ನೇ ಗೆರೆಗೆ ಎಳೆದರೆ ಆಯಿತಲ್ಲ ಎಂದು ನೀವು ಈಗ ಯೋಚಿಸುತ್ತಿರಬಹುದು, ಲೆಕ್ಕ ಕಲಿತವರಿಗೆಲ್ಲ ಆ ಆಸೆ ಬರುತ್ತದೆ. ಬೇಡ. ಅಳತೆ ಸರಿಯಾಯಿತು ಎಂದರೂ ಯಾವುದರ ಅಳತೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಅಪರಾಧವೇ?

ಸೆಮಾಗ್ಲುಟೈಡ್ ಆಗಲಿ, ತೂಕ ಇಳಿಸುವ ಅಂಥದೇ ಇನ್ನೊಂದು ಇಂಜೆಕ್ಷನ್ ಟಿರ್ಜೆಪಟೈಡ್ ಆಗಲಿ ಮಾದಕ ವಸ್ತುಗಳಲ್ಲ. ಇಟ್ಟುಕೊಂಡರೇ ಜೈಲು ಎನ್ನುವ ಪಟ್ಟಿಯಲ್ಲಿ ಇವು ಇಲ್ಲ. ಇವು ವೈದ್ಯರ ಚೀಟಿ ಮೇಲೆ ಮಾತ್ರ ಕೊಡಬೇಕಾದ ಮದ್ದುಗಳು. ಚೀಟಿ ಇಲ್ಲದೆ ಮಾರುವುದು, ಪರವಾನಗಿ ಇಲ್ಲದೆ ಮಾರುವುದು, ಅನುಮೋದನೆ ಇಲ್ಲದ ಪುಡಿಯನ್ನು ಮದ್ದೆಂದು ಮಾರುವುದು, ಸುಳ್ಳು ಲೇಬಲ್ ಅಂಟಿಸುವುದು ಇವೆಲ್ಲ ಮಾರುವವರ ತಪ್ಪು. ಹೆಚ್ಚಿನ ದೇಶಗಳ ಔಷಧ ಕಾನೂನು ಬೆನ್ನು ಹತ್ತುವುದು ಅವರನ್ನೇ. ತನ್ನ ಬಳಕೆಗೆ ಕೊಂಡವರ ವಿಷಯದಲ್ಲಿ ದೇಶಕ್ಕೊಂದು ನಿಯಮವಿದೆ. ಸಾಮಾನ್ಯವಾಗಿ ಆಗುವುದು ಪೊಟ್ಟಣ ಕಸ್ಟಮ್ಸ್‌ನಲ್ಲಿ ಜಪ್ತಿಯಾಗುವುದು. ಕೆಲವೆಡೆ ಅನುಮತಿ ಇಲ್ಲದೆ ಹೊರದೇಶದಿಂದ ತರಿಸಿಕೊಳ್ಳುವುದೇ ಅಪರಾಧ. ನಿಮ್ಮ ಹೆಸರಿಗೆ ಗಡಿಯಾಚೆಯಿಂದ ಪಾರ್ಸೆಲ್ ಬಂದಿದ್ದರೆ, ಅಥವಾ ಯಾರಾದರೂ ನೋಟಿಸ್ ಕೊಟ್ಟಿದ್ದರೆ, ಉತ್ತರ ಬರೆಯುವ ಮೊದಲು ವಕೀಲರನ್ನು ಕಾಣಿ.

ನೀವು ನಿಜವಾಗಿ ಗೆರೆ ದಾಟುವುದು ಇನ್ನೊಂದು ಕೆಲಸ ಮಾಡಿದರೆ: ಉಳಿದ ಸೀಸೆಯನ್ನು ಬೇರೆಯವರಿಗೆ ದಾಟಿಸಿದರೆ. ಹಣಕ್ಕಾಗಲಿ, ಬಿಟ್ಟಿಯಾಗಲಿ, ಗ್ರೂಪಿನಲ್ಲಿ ಹಂಚಿಕೊಳ್ಳಲೆಂದಾಗಲಿ. ಆ ಕ್ಷಣಕ್ಕೆ ನೀವು ಕೊಂಡವರಾಗಿ ಉಳಿಯುವುದಿಲ್ಲ, ಪರವಾನಗಿ ಇಲ್ಲದೆ ಮದ್ದು ಪೂರೈಸಿದವರಾಗುತ್ತೀರಿ. ತೆಗೆದುಕೊಂಡವರಿಗೆ ಏನಾದರೂ ಆದರೆ ಹೊಣೆ ನಿಮ್ಮ ಕೊರಳಿಗೆ. ನಿಮ್ಮ ಪರಿಚಯದವರು ಈಗ ನಿಂತಿರುವುದೂ ಅಲ್ಲೇ, ಅವರು ಒಳ್ಳೆಯ ಮನಸ್ಸಿನಿಂದಲೇ ತರಿಸಿಕೊಟ್ಟಿದ್ದರೂ.

‘ಆಫ್-ಲೇಬಲ್’, ‘ನಕಲಿ’, ‘ಅನುಮೋದನೆ ಇಲ್ಲದ್ದು’ ಈ ಮೂರನ್ನು ಜನ ಒಂದೇ ಮಾಡಿ ಮಾತಾಡುತ್ತಾರೆ. ವೆಗೋವಿ ಮತ್ತು ಒಜೆಂಪಿಕ್ ಎರಡರಲ್ಲೂ ಇರುವುದು ಸೆಮಾಗ್ಲುಟೈಡೇ. ಮೊದಲನೆಯದಕ್ಕೆ ಬೊಜ್ಜಿನ ಚಿಕಿತ್ಸೆಗೆ ಅನುಮೋದನೆ, ಎರಡನೆಯದಕ್ಕೆ ಎರಡನೇ ಬಗೆಯ ಸಕ್ಕರೆ ಕಾಯಿಲೆಗೆ. ಟಿರ್ಜೆಪಟೈಡ್ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಗೆ ಮೌಂಜಾರೊ, ತೂಕಕ್ಕೆ ಜೆಪ್‌ಬೌಂಡ್ ಎಂಬ ಹೆಸರಿನಲ್ಲಿದೆ. ಸಕ್ಕರೆ ಕಾಯಿಲೆಯ ಪೆನ್ನನ್ನು ವೈದ್ಯರು ಯೋಚಿಸಿ ತೂಕಕ್ಕಾಗಿ ಬರೆದರೆ ಅದು ಆಫ್-ಲೇಬಲ್. ಬಹಳ ಕಡೆ ಅದು ಕಾನೂನುಬದ್ಧ, ಹೊಣೆ ಬರೆದ ವೈದ್ಯರದು. ನಿಮ್ಮ ಸೀಸೆ ಈ ಗುಂಪಿಗೆ ಸೇರಿದ್ದಲ್ಲ. ಅಮೆರಿಕದ ಔಷಧಾಲಯಗಳು ಸ್ವಂತವಾಗಿ ಬೆರೆಸಿ ಮಾರುತ್ತಿದ್ದ ಸೆಮಾಗ್ಲುಟೈಡ್ ಇನ್ನೊಂದು ಕಥೆ. ಕಂಪನಿಯ ಮದ್ದು ಸಾಲದೆ ಹೋದಾಗ ಅದಕ್ಕೆ ಅವಕಾಶವಿತ್ತು. ಟಿರ್ಜೆಪಟೈಡ್‌ನ ಕೊರತೆ 2024ರ ಡಿಸೆಂಬರ್‌ನಲ್ಲಿ, ಸೆಮಾಗ್ಲುಟೈಡ್‌ನದು 2025ರ ಫೆಬ್ರವರಿಯಲ್ಲಿ ಮುಗಿಯಿತೆಂದು ಎಫ್‌ಡಿಎ ಘೋಷಿಸಿದ ಮೇಲೆ ಹಾಗೆ ರಾಶಿಗಟ್ಟಲೆ ನಕಲು ಮಾಡುವ ಆ ದಾರಿ ಮುಚ್ಚಿತು. ಹಳೆಯ ವಿಡಿಯೋಗಳಲ್ಲಿ ‘ಅಮೆರಿಕದಲ್ಲೇ ಸೀಸೆ ಮಾರುತ್ತಾರೆ’ ಎಂದು ಕೇಳಿದ್ದರೆ ಅದು ಈ ಹಿನ್ನೆಲೆಯ ಮಾತು.

ಇನ್ನು ಅಪ್ಪಟ ನಕಲಿ. 2023ರ ಅಕ್ಟೋಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆ ಇಎಂಎ ನಕಲಿ ಒಜೆಂಪಿಕ್ ಪೆನ್‌ಗಳ ಬಗ್ಗೆ ಎಚ್ಚರಿಸಿತು. ಜರ್ಮನ್ ಭಾಷೆಯ ಲೇಬಲ್, ಅಸಲಿ ಪೆಟ್ಟಿಗೆಯಿಂದ ಕದ್ದ ಬ್ಯಾಚ್ ಸಂಖ್ಯೆ, ಸ್ಕ್ಯಾನ್ ಮಾಡುವ ಚೌಕ ಎಲ್ಲ ಇತ್ತು. ಸ್ಕ್ಯಾನ್ ಮಾಡಿದಾಗ ಮಾತ್ರ ಆ ಕ್ರಮಸಂಖ್ಯೆಗಳು ಚಾಲ್ತಿಯಲ್ಲಿಲ್ಲ ಎಂದು ಬಂತು. ಅದೇ ತಿಂಗಳು ಆಸ್ಟ್ರಿಯಾದಲ್ಲಿ ನಕಲಿ ಎಂದು ಶಂಕಿಸಲಾದ ಪೆನ್ ಬಳಸಿದವರು ರಕ್ತದ ಸಕ್ಕರೆ ಕುಸಿದು, ಫಿಟ್ಸ್ ಬಂದು ಆಸ್ಪತ್ರೆ ಸೇರಿದರು. ಒಳಗೆ ಇನ್ಸುಲಿನ್ ಇದ್ದಿರಬೇಕೆಂದು ಅಲ್ಲಿನ ಅಧಿಕಾರಿಗಳು ಹೇಳಿದರು. ಬ್ರೆಜಿಲ್, ಬ್ರಿಟನ್, ಅಮೆರಿಕ ಮೂರೂ ಕಡೆ ನಕಲಿ ಬ್ಯಾಚುಗಳು ಸಿಕ್ಕಿದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಪ್ರಕಟಿಸಿತು. ಪೆಟ್ಟಿಗೆಯ ಮೇಲಿನ ಮತ್ತು ಪೆನ್ನಿನ ಮೇಲಿನ ಬ್ಯಾಚ್ ಸಂಖ್ಯೆ, ಮುಕ್ತಾಯ ದಿನಾಂಕ ಎರಡೂ ತಾಳೆಯಾಗುತ್ತವೆಯೇ, ಸೀಲ್ ಹರಿದಿದೆಯೇ, ಅಕ್ಷರದೋಷ ಇದೆಯೇ ಎಂದು ನೋಡಿ, ನೋಡಲೇಬೇಕು. ಆದರೆ ಪೆಟ್ಟಿಗೆಯ ಅಂದ ನೋಡಿ ನಂಬಬೇಡಿ. ನಂಬಬಹುದಾದದ್ದು ಒಂದೇ: ಚೀಟಿ ಕೇಳುವ, ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಬರೆದುಕೊಡುವ, ಪರವಾನಗಿ ಇರುವ ಔಷಧಾಲಯ. ಚೀಟಿ ಕೇಳುವುದು ಬರೀ ಕಿರಿಕಿರಿ ಎಂದು ಅನೇಕರು ಭಾವಿಸುತ್ತಾರೆ. ಆ ಚೀಟಿ, ಆ ಬ್ಯಾಚ್ ಸಂಖ್ಯೆ, ಆ ಪರವಾನಗಿ ಒಂದೊಂದೂ ನಿಮಗೆ ಆದಂಥ ಒಂದೊಂದು ಅನಾಹುತಕ್ಕೆ ಹಾಕಿದ ತಡೆ. ಚೀಟಿ ಇದ್ದಿದ್ದರೆ ನಾಲ್ಕು ಪಟ್ಟು ಡೋಸ್ ಆಗುತ್ತಿರಲಿಲ್ಲ.

ಗೆಳತಿಯ ಪೆನ್, ಕ್ಲಿನಿಕ್‌ನ ಸೂಜಿ

ಗೆಳತಿಗೆ ಧನ್ಯವಾದ ಹೇಳಿ, ಪೆನ್ ಮಾತ್ರ ಬೇಡ ಅನ್ನಿ. ಸೂಜಿ ಬದಲಿಸಿದರೆ ಸಾಕು ಎಂಬುದು ತುಂಬಾ ಹಬ್ಬಿರುವ ತಪ್ಪು ತಿಳಿವಳಿಕೆ. ಚುಚ್ಚಿ ಗುಂಡಿ ಬಿಡುವ ಹೊತ್ತಿಗೆ ಚರ್ಮದೊಳಗಿನ ರಕ್ತದ ಕಣ ಸೂಜಿಯ ಮೂಲಕ ಹಿಂದಕ್ಕೆ ಹರಿದು ಪೆನ್ನಿನೊಳಗಿನ ಕಾರ್ಟ್ರಿಜ್ ಸೇರಬಹುದು. ಹೊಸ ಸೂಜಿ ಹಾಕಿದರೂ ನಿಮ್ಮ ಮೈಗೆ ಹೋಗುವುದು ಅದೇ ಕಾರ್ಟ್ರಿಜ್‌ನ ದ್ರವ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡುವ ದಾರಿ ಇದು. ಗೆಳತಿಗೆ ತನಗೆ ಅವುಗಳಲ್ಲಿ ಯಾವುದಾದರೂ ಇದೆ ಎಂದು ಗೊತ್ತಿರಲೇಬೇಕು ಅಂತಿಲ್ಲ. ಅದೂ ಅಲ್ಲದೆ ಅವಳ ಪೆನ್ 1 ಮಿ.ಗ್ರಾಂನದಾದರೆ ಅದರಲ್ಲಿ 0.25 ಕೊಡುವ ವ್ಯವಸ್ಥೆಯೇ ಇರುವುದಿಲ್ಲ. ‘ಟಿಕ್ ಟಿಕ್’ ಸದ್ದು ಎಣಿಸಿ ಅರ್ಧಕ್ಕೆ ನಿಲ್ಲಿಸುವ ಉಪಾಯ ವಿಡಿಯೋಗಳಲ್ಲಿ ಸಿಗುತ್ತದೆ. ಅದು ತಯಾರಕರು ಪರೀಕ್ಷಿಸಿದ ಅಳತೆಯಲ್ಲ. ಬಳಸಲು ಶುರು ಮಾಡಿದ ಒಜೆಂಪಿಕ್ ಪೆನ್ನಿಗೆ ಆಯಸ್ಸೂ ಇದೆ, ಲೇಬಲ್‌ನ ಪ್ರಕಾರ ಆರರಿಂದ ಎಂಟು ವಾರ. ಹೊಸ ಪೆನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಒಮ್ಮೆ ಹೆಪ್ಪುಗಟ್ಟಿದರೆ, ಕರಗಿ ಮೊದಲಿನಂತೆ ಕಂಡರೂ ಎಸೆಯಬೇಕು.

ಬ್ಯೂಟಿ ಕ್ಲಿನಿಕ್‌ಗೆ ಹೋಗುವ ಆಸೆ ಇನ್ನೂ ಇದ್ದರೆ ಮೂರು ಪ್ರಶ್ನೆ ಕೇಳಿ. ನನ್ನ ಹೆಸರಿಗೆ ಬರೆಯುವ ವೈದ್ಯರು ಯಾರು, ಅವರ ನೋಂದಣಿ ಸಂಖ್ಯೆ ಏನು? ಸೀಲ್ ಒಡೆಯದ ಪೆಟ್ಟಿಗೆಯನ್ನು ನನ್ನೆದುರೇ ತೆರೆದು ಬ್ಯಾಚ್ ಸಂಖ್ಯೆ ನನ್ನ ದಾಖಲೆಯಲ್ಲಿ ಬರೆಯುತ್ತೀರಾ? ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಬಂದರೆ ಯಾರಿಗೆ ಫೋನ್ ಮಾಡಲಿ? ಮೊದಲೇ ಸಿರಿಂಜಿಗೆ ಎಳೆದಿಟ್ಟ, ಹೆಸರಿಲ್ಲದ ಮದ್ದನ್ನು ತಂದರೆ ಎದ್ದು ಬನ್ನಿ. ಅಮೆರಿಕ, ನ್ಯೂಜಿಲೆಂಡ್ ಬಿಟ್ಟರೆ ಹೆಚ್ಚಿನ ದೇಶಗಳಲ್ಲಿ ಚೀಟಿ ಮದ್ದನ್ನು ಹೆಸರು ಹಿಡಿದು ಜನರಿಗೆ ಜಾಹೀರಾತು ಮಾಡುವಂತೆಯೇ ಇಲ್ಲ. ರಿಯಾಯಿತಿ, ಪ್ಯಾಕೇಜ್ ಎಂದು ಅದರ ಹೆಸರು ದೊಡ್ಡದಾಗಿ ಹಾಕಿಕೊಂಡಿದ್ದರೆ ಅಲ್ಲೇ ಒಂದು ಗುರುತು ಸಿಕ್ಕಿತು. ಆನ್‌ಲೈನ್ ಸಮಾಲೋಚನೆ ಎಲ್ಲವೂ ಕೆಟ್ಟದ್ದು ಎಂದಲ್ಲ. ಬ್ರಿಟನ್ 2025ರ ಫೆಬ್ರವರಿಯಲ್ಲಿ ನಿಯಮ ಬಿಗಿ ಮಾಡಿದಾಗ ಕೇಳಿದ್ದು ಇಷ್ಟೇ: ಬರೀ ಪ್ರಶ್ನಾವಳಿ ತುಂಬಿಸಿಕೊಂಡು ಕೊಡಬೇಡಿ, ರೋಗಿ ಹೇಳಿದ ತೂಕವನ್ನು ವಿಡಿಯೋ ಕರೆಯಲ್ಲೋ ಎದುರೆದುರೋ ವೈದ್ಯಕೀಯ ದಾಖಲೆಯಿಂದಲೋ ಖಚಿತಪಡಿಸಿಕೊಳ್ಳಿ. ನಿಮ್ಮಲ್ಲಿ ಅಂಥ ನಿಯಮ ಇರಲಿ ಬಿಡಲಿ, ಆ ಅಳತೆಗೋಲನ್ನು ನೀವೇ ಇಟ್ಟುಕೊಳ್ಳಬಹುದು.

ನಿದ್ದೆಗೆಡಿಸಿದ ಸುದ್ದಿಗಳು

ಥೈರಾಯ್ಡ್ ವಿಷಯ ಬಂದದ್ದು ಇಲಿಗಳಿಂದ. ಈ ಮದ್ದು ಕೊಟ್ಟ ಇಲಿಗಳಲ್ಲಿ ಥೈರಾಯ್ಡ್‌ನ ‘ಸಿ’ ಜೀವಕೋಶಗಳ ಗಡ್ಡೆ ಕಂಡವು. ಅದಕ್ಕಾಗಿ ಅಮೆರಿಕದ ಲೇಬಲ್‌ನಲ್ಲಿ ಎದ್ದು ಕಾಣುವ ಎಚ್ಚರಿಕೆ ಇದೆ. ಮನುಷ್ಯರಲ್ಲಿ ಹಾಗಾಗುತ್ತದೆ ಎಂಬುದು ಸಾಬೀತಾಗಿಲ್ಲ. ಲಭ್ಯ ಪುರಾವೆ ಅಂಥ ನಂಟನ್ನು ಬೆಂಬಲಿಸುವುದಿಲ್ಲ ಎಂದು ಇಎಂಎಯ ಸುರಕ್ಷತಾ ಸಮಿತಿ 2023ರಲ್ಲಿ ಹೇಳಿತು. ಆದರೂ ನಿಮಗೆ ಅಥವಾ ಮನೆಯ ರಕ್ತಸಂಬಂಧಿಗಳಿಗೆ ‘ಮೆಡುಲರಿ’ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ, ಅಥವಾ ‘ಎಂಇಎನ್-2’ ಎಂಬ ಆನುವಂಶಿಕ ಕಾಯಿಲೆ ಇದ್ದರೆ ಈ ಮದ್ದು ಬೇಡ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗಿ ಮಾತ್ರೆ ತಿನ್ನುತ್ತಿರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ.

ಕಣ್ಣಿನ ಸುದ್ದಿ ಪೂರ್ತಿ ಸುಳ್ಳಲ್ಲ. ಕಣ್ಣಿನ ನರಕ್ಕೆ ರಕ್ತ ಸಾಲದೆ ಒಂದು ಕಣ್ಣಿನ ನೋಟ ದಿಢೀರ್ ಕುಂದುವ ತೊಂದರೆಯನ್ನು ಸೆಮಾಗ್ಲುಟೈಡ್‌ನ ಅತಿ ವಿರಳ ಅಡ್ಡಪರಿಣಾಮ ಎಂದು ಇಎಂಎ ಸಮಿತಿ 2025ರ ಜೂನ್‌ನಲ್ಲಿ ಒಪ್ಪಿತು. ಪ್ರಮಾಣ 10,000 ಬಳಕೆದಾರರಲ್ಲಿ ಹೆಚ್ಚೆಂದರೆ ಒಬ್ಬರಿಗೆ. ಆತ್ಮಹತ್ಯೆಯ ಯೋಚನೆ ಬರುತ್ತದೆ ಎಂಬ ದೂರನ್ನೂ ಅದೇ ಸಂಸ್ಥೆ ಪರಿಶೀಲಿಸಿ, ಕಾರಣ ಇದೇ ಎನ್ನಲು ಆಧಾರವಿಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಹೇಳಿತು.

ನಾನು ಹೆಚ್ಚು ಚಿಂತಿಸುವುದು ಸುದ್ದಿಯಾಗದ ಸಂಗತಿಗಳ ಬಗ್ಗೆ. ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುತ್ತದೆ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ; ಹಸಿವಿಲ್ಲವೆಂದು ಪ್ರೋಟೀನ್ ಬಿಟ್ಟು, ಭಾರ ಎತ್ತುವ ವ್ಯಾಯಾಮ ಮಾಡದವರಲ್ಲಿ ಇನ್ನೂ ಜಾಸ್ತಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿಯಬಹುದು, ಆ ಡೋಸ್‌ಗಳನ್ನು ಮೊದಲೇ ತಗ್ಗಿಸಬೇಕಾಗುತ್ತದೆ. ಮತ್ತೊಂದು, ಶಸ್ತ್ರಚಿಕಿತ್ಸೆ: ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಉಪವಾಸವಿದ್ದರೂ ಒಳಗೆ ಆಹಾರ ಉಳಿದಿರಬಹುದು, ಅರಿವಳಿಕೆ ಕೊಟ್ಟಾಗ ಅದು ಶ್ವಾಸಕೋಶಕ್ಕೆ ಹೋಗಬಹುದು. ಎಂಡೋಸ್ಕೋಪಿಯೇ ಆಗಲಿ, ಮಲಗಿಸಿ ಮಾಡುವ ಯಾವುದೇ ಚಿಕಿತ್ಸೆಯ ಮೊದಲು ಈ ಇಂಜೆಕ್ಷನ್ ಮಾತು ಅರಿವಳಿಕೆ ವೈದ್ಯರ ಕಿವಿಗೆ ಬೀಳಲೇಬೇಕು. ಕದ್ದುಮುಚ್ಚಿ ತೆಗೆದುಕೊಳ್ಳುವವರು ಹೇಳದೆ ಬಿಡುವುದು ಇದನ್ನೇ.

ಮಾತ್ರೆ, ಮಗು ಮತ್ತು ದಿನಗಳ ಲೆಕ್ಕ

ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ಈ ವಿಷಯಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಗರ್ಭನಿರೋಧಕ ಮಾತ್ರೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಮಾತ್ರೆ ತೆಗೆದುಕೊಳ್ಳಲೇ ಇಲ್ಲ ಎಂದು ಲೆಕ್ಕ. ನೀವು ಎರಡು ದಿನ ವಾಂತಿ ಮಾಡಿಕೊಂಡಿದ್ದೀರಿ. ವಾಂತಿ ನಿಂತ ಮೇಲೆ ಏಳು ದಿನ ಸತತವಾಗಿ ಮಾತ್ರೆ ಮೈಗೆ ಹತ್ತುವ ತನಕ ಕಾಂಡೋಮ್ ಬಳಸಿ, ಮುಟ್ಟು ತಡವಾದರೆ ಪರೀಕ್ಷೆ ಮಾಡಿಕೊಳ್ಳಿ. ಸೀಸೆಯಲ್ಲಿದ್ದದ್ದು ಟಿರ್ಜೆಪಟೈಡ್ ಆಗಿದ್ದರೆ ಅದು ಮಾತ್ರೆಯ ಹೀರಿಕೆಯನ್ನೇ ತಗ್ಗಿಸುತ್ತದೆ. ಆ ಮದ್ದು ಶುರು ಮಾಡಿದ ಮೇಲೆ ನಾಲ್ಕು ವಾರ, ಪ್ರತಿ ಸಲ ಡೋಸ್ ಏರಿಸಿದ ಮೇಲೆ ಮತ್ತೆ ನಾಲ್ಕು ವಾರ ಕಾಂಡೋಮ್ ಕೂಡ ಬೇಕು. ಒಳಗೇನಿತ್ತೋ ಗೊತ್ತಿಲ್ಲದ ಕಾರಣ ನೀವು ನಾಲ್ಕು ವಾರದ ಲೆಕ್ಕವನ್ನೇ ಹಿಡಿಯುವುದು ಒಳಿತು.

ಗರ್ಭಿಣಿಯರಿಗೆ ಈ ಮದ್ದು ಸಲ್ಲದು. ಸೆಮಾಗ್ಲುಟೈಡ್ ಆದರೆ ಗರ್ಭ ಧರಿಸುವ ಪ್ರಯತ್ನಕ್ಕೆ ಕನಿಷ್ಠ ಎರಡು ತಿಂಗಳು ಮೊದಲು ನಿಲ್ಲಿಸಬೇಕು, ಟಿರ್ಜೆಪಟೈಡ್ ಆದರೆ ಒಂದು ತಿಂಗಳು. ಈಗ ದಿನ ಎಣಿಸಿ. ಸರಿಯಾದ ಕ್ರಮದಲ್ಲಿ ಪೂರ್ತಿ ಡೋಸ್ ಮುಟ್ಟಲು 16 ವಾರ. ವೆಗೋವಿಯ ಮುಖ್ಯ ಪ್ರಯೋಗದಲ್ಲಿ ಸರಾಸರಿ ಶೇ. 14.9ರಷ್ಟು ತೂಕ ಇಳಿದದ್ದು 68 ವಾರದಲ್ಲಿ. ಮದ್ದಿಲ್ಲದ ಸೂಜಿ ಪಡೆದವರಲ್ಲಿ ಶೇ. 2.4. ಆ ಪ್ರಯೋಗ ಮುಗಿದು ಮದ್ದು ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂತು. ಮುಂದಿನ ವರ್ಷವೇ ಮಗು ಬೇಕೆಂದರೆ ನಿಮಗೆ ಸಿಗುವುದು ಸುಮಾರು ಹತ್ತು ತಿಂಗಳು, ಅದರಲ್ಲಿ ನಾಲ್ಕು ಡೋಸ್ ಏರಿಸುವುದರಲ್ಲೇ ಹೋಗುತ್ತದೆ. ಆಮೇಲೆ ನಿಲ್ಲಿಸಬೇಕು, ತೂಕ ಮರಳತೊಡಗುವ ಹೊತ್ತಿಗೇ ಗರ್ಭ ನಿಲ್ಲುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮಗುವಿನ ಯೋಚನೆಯನ್ನು ಒಂದೂವರೆ ವರ್ಷ ಮುಂದೂಡಲು ಮನಸ್ಸಿದ್ದರೆ ಮಾತ್ರ ಈಗ ಇಂಜೆಕ್ಷನ್ ಶುರು ಮಾಡಿ. ಇಲ್ಲವಾದರೆ ಮೊದಲು ಮಗು, ಎದೆಹಾಲು ಬಿಡಿಸಿದ ಮೇಲೆ ಮದ್ದು. ಅಲ್ಲಿಯತನಕ ಆಹಾರ, ವ್ಯಾಯಾಮದಿಂದ ಶೇ. 5 ಇಳಿದರೂ, ನಿಮ್ಮ ಲೆಕ್ಕದಲ್ಲಿ ನಾಲ್ಕು ಕೆ.ಜಿ. ಇಳಿದರೂ, ಸಕ್ಕರೆ ಮತ್ತು ರಕ್ತದೊತ್ತಡಕ್ಕೆ ಉಪಕಾರವೇ. 36 ವಯಸ್ಸಿನಲ್ಲಿ ಮುಂದೂಡುವುದು ಸಣ್ಣ ನಿರ್ಧಾರವಲ್ಲ, ಅದಕ್ಕೇ ಸ್ತ್ರೀರೋಗ ತಜ್ಞರನ್ನೂ ಕೂರಿಸಿಕೊಂಡು ತೀರ್ಮಾನಿಸಿ. ತೂಕ ಇಳಿದಾಗ ಅಂಡೋತ್ಪತ್ತಿ ಸರಿಹೋಗಿ ನಿರೀಕ್ಷಿಸದೆ ಗರ್ಭ ನಿಲ್ಲುವುದುಂಟು ಎಂಬುದೂ ನೆನಪಿರಲಿ.

ವೈದ್ಯರ ಮುಂದೆ ಏನು ಹೇಳಬೇಕು?

ಎಲ್ಲವನ್ನೂ. ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ತನಗೇ ಚುಚ್ಚಿಕೊಂಡ ಮದ್ದಿಗಾಗಿ ರೋಗಿಯನ್ನು ಹಿಡಿದುಕೊಡುವುದು ಅವರ ಕೆಲಸವಲ್ಲ. ಸೀಸೆ, ಪೆಟ್ಟಿಗೆ, ಪಾರ್ಸೆಲ್ ಕವರ್, ಬಳಸಿದ ಸಿರಿಂಜ್‌ನ ಫೋಟೋ, ಡೋಸ್ ಹೇಳಿದ ಮೆಸೇಜ್ ಎಲ್ಲ ತೆಗೆದುಕೊಂಡು ಹೋಗಿ. ‘ಇಂಥ ದಿನ 0.2 ಎಂ.ಎಲ್., ಇಂಥ ದಿನ ಮತ್ತೆ 0.2 ಎಂ.ಎಲ್.’ ಎಂದು ದಿನಾಂಕ ಸಮೇತ ಹೇಳಿ, ಯೂನಿಟ್ ಎನ್ನಬೇಡಿ. ಬಳಸಿದ ಸೂಜಿಗಳನ್ನು ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ಒಪ್ಪಿಸಿ. ಸೀಸೆಯನ್ನು ಸಿಂಕಿಗೆ ಸುರಿಯಬೇಡಿ, ಅದು ಪುರಾವೆ. ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡುವಾಗ ಅಡ್ಡಪರಿಣಾಮದ ವರದಿಯ ಜೊತೆ ಅದರ ಫೋಟೋಗಳನ್ನೂ ಸೇರಿಸಿ, ವೈದ್ಯರೇ ಕಳಿಸಿಕೊಡಬಹುದು.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, ಸುಮಾರು 32.8. ಈ ಮದ್ದುಗಳ ಲೇಬಲ್ ಹೇಳುವುದು 30 ಅಥವಾ ಹೆಚ್ಚು, ಇಲ್ಲವೇ 27ರ ಜೊತೆಗೆ ರಕ್ತದೊತ್ತಡ, ಸಕ್ಕರೆಯಂಥ ತೊಂದರೆ. ಅಂದರೆ ನೀವು ಕದ್ದು ತರಿಸುವ ಅಗತ್ಯವೇ ಇರಲಿಲ್ಲ, ಚೀಟಿ ಸಿಗುವ ಅರ್ಹತೆ ನಿಮಗಿದೆ. ಸರಿಯಾದ ವೈದ್ಯರು ಮೊದಲ ದಿನ ಮೂರು ತಿಂಗಳ ಸಕ್ಕರೆ ಸರಾಸರಿ, ಲಿವರ್, ಕಿಡ್ನಿ ನೋಡುತ್ತಾರೆ, ಗರ್ಭ ಪರೀಕ್ಷೆ ಮಾಡಿಸುತ್ತಾರೆ, ಮೇದೋಜೀರಕ ಮತ್ತು ಪಿತ್ತಕೋಶದ ಹಳೆಯ ತೊಂದರೆ ಕೇಳುತ್ತಾರೆ. ಮುಂದೆ ಶುರು ಮಾಡಿದರೆ 0.25ರಿಂದಲೇ ಶುರು, ‘ನನಗೆ 1 ಮಿ.ಗ್ರಾಂ ಅಭ್ಯಾಸವಾಗಿದೆ’ ಎಂದು ಮೇಲಿನ ಮೆಟ್ಟಿಲಿನಿಂದ ಹತ್ತಬೇಡಿ. ಯಾವ ಹಂತದಲ್ಲಾದರೂ ವಾಕರಿಕೆ ಬಿಡದಿದ್ದರೆ ಅದೇ ಡೋಸ್‌ನಲ್ಲಿ ಇನ್ನಷ್ಟು ವಾರ ನಿಲ್ಲಬಹುದು, ಓಡಬೇಕಿಲ್ಲ. ಒಂದು ತುತ್ತು ಕಡಿಮೆ ಎನಿಸಿದಾಗಲೇ ಊಟ ನಿಲ್ಲಿಸಿ, ಕರಿದದ್ದು ಬಿಟ್ಟು, ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿದರೆ ಬಹುತೇಕರಿಗೆ ಹೊಟ್ಟೆ ಹೊಂದಿಕೊಳ್ಳುತ್ತದೆ.

ಇವತ್ತೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ಆ ಗ್ರೂಪಿನಲ್ಲಿ ಅದೇ ಸೀಸೆ ತರಿಸಿಕೊಂಡವರು ಬೇರೆಯವರೂ ಇರುತ್ತಾರೆ, ಅವರಿಗೂ ‘20 ಯೂನಿಟ್’ ಎಂದೇ ಹೇಳಿರುತ್ತಾರೆ. ಮೇಲಿನ ಲೆಕ್ಕವನ್ನು ಅವರಿಗೆ ಕಳಿಸಿ. ಅವರಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ಅಥವಾ ಗರ್ಭಿಣಿಯರು ಇದ್ದರೆ ಮೆಸೇಜ್ ಸಾಲದು, ಫೋನ್ ಮಾಡಿ.